ಕರಾವಳಿಯ ಪಿಕಪ್ಪಿಗೆ ಫ್ಯೂಸ್, ಟೈರ್ ಕಾಳಜಿ: ಉಪ್ಪುಗಾಳಿಗೂ ಘಟ್ಟಕ್ಕೂ ತಕ್ಕ ಹಾಗೆ

ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ಕ್ರೇಟ್ ತುಂಬಿಸಿಕೊಳ್ಳುವ ಪಿಕಪ್ಪಿಗೂ ಶಿರಸಿಯಿಂದ ಅಡಿಕೆ ಮೂಟೆ ಹೇರಿಕೊಂಡು ದೇವಿಮನೆ ಘಟ್ಟ ಇಳಿಯುವ ಪಿಕಪ್ಪಿಗೂ ಕಂಪನಿ ಕೊಡುವ ಕೈಪಿಡಿ ಒಂದೇ. ಬಯಲುಸೀಮೆಯ ಗಾಡಿಗೂ ಅದೇ. ಆದರೆ ಉತ್ತರ ಕನ್ನಡದ ಗಾಡಿಗೆ ಎರಡು ಕಾಟ ಹೆಚ್ಚಿಗೆ: ಕೆಳಗೆ ಉಪ್ಪು, ಮೇಲೆ ಘಟ್ಟ. ಉಪ್ಪು ಫ್ಯೂಸ್ ಬಾಕ್ಸನ್ನು, ಅರ್ತ್ ಬೋಲ್ಟನ್ನು (ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ಜಾಗ), ಸ್ಟೆಪ್ನಿಯ ಸರಪಳಿಯನ್ನು ತಿನ್ನುತ್ತದೆ. ಘಟ್ಟ ಟೈರನ್ನು ತಿನ್ನುತ್ತದೆ.

ಫ್ಯೂಸ್ ಮತ್ತು ಟೈರ್ ಎರಡನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ಬೇರೆಲ್ಲೋ ಆದ ತೊಂದರೆ ಮೊದಲು ಕಾಣಿಸುವುದು ಈ ಎರಡು ಕಡೆ. ಫ್ಯೂಸ್ ಹಾರಿದೆ ಅಂದರೆ ವೈರಿನಲ್ಲೋ ಮೋಟಾರಿನಲ್ಲೋ ಏನೋ ಆಗಿದೆ. ಟೈರ್ ಒಂದೇ ಬದಿ ಸವೆದಿದೆ ಅಂದರೆ ಅಲೈನ್‌ಮೆಂಟ್, ಅಂದರೆ ಚಕ್ರ ನಿಲ್ಲುವ ಕೋನ, ತಪ್ಪಿದೆ. ಹೊಸದು ಹಾಕಿ ಸುಮ್ಮನಾದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಯಾವಾಗ ಮಾಡಬೇಕು, ಏನೇನು ಬೇಕು

ಮೀನು ಸಾಗಿಸುವ ಗಾಡಿಗಳಿಗೆ ಸಮಯ ತಾನಾಗಿಯೇ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಹೊತ್ತಿಗೆ ಮಳೆಯೂ ಹಿಡಿದಿರುತ್ತದೆ, ಆದ್ದರಿಂದ ಕೆಲಸವನ್ನು ಮೇ ಕೊನೆಯ ವಾರದಲ್ಲೇ ಮುಗಿಸಿಕೊಳ್ಳುವುದು ಜಾಣತನ. ಅಡಿಕೆ, ಕಾಯಿಪಲ್ಲೆ, ಚಿರೇಕಲ್ಲು ಹೊಡೆಯುವ ಗಾಡಿಯಾದರೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಮಾಡಿ. ಗಾಳಿಯನ್ನು ಮಾತ್ರ ವಾರಕ್ಕೊಮ್ಮೆ ನೋಡಲೇಬೇಕು.

ಸಾಮಾನು ಹೆಚ್ಚೇನಿಲ್ಲ. ಒಂದು ಸಾದಾ ಮಲ್ಟಿಮೀಟರ್, ಫ್ಯೂಸ್ ಕೀಳುವ ಪ್ಲಾಸ್ಟಿಕ್ ಚಿಮಟ (ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೇ ಸಿಕ್ಕಿಸಿರುತ್ತಾರೆ), 10, 15, 20 ಆಂಪಿಯರಿನ ಫ್ಯೂಸ್ ತಲಾ ಎರಡು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಸಿಲಿಕಾನ್ ಡೈಎಲೆಕ್ಟ್ರಿಕ್ ಗ್ರೀಸಿನ ಸಣ್ಣ ಟ್ಯೂಬು, ವೈರ್ ಬ್ರಷ್, ಎಮರಿ ಪೇಪರ್. ಟೈರಿಗೆ ಸ್ವಂತದ ಗಾಳಿ ಗೇಜ್, ಟ್ರೆಡ್ (ನೆಲಕ್ಕೆ ತಾಗುವ ಗೀರುಗಳ ಭಾಗ) ಆಳ ಅಳೆಯುವ ಗೇಜ್, ಚಕ್ರಕ್ಕೆ ಕೊಡುವ ಎರಡು ಮರದ ತುಂಡು, ಜಾಕಿನ ಅಡಿಗೆ 30 ಸೆಂ.ಮೀ. ಚದರದ, 4–5 ಸೆಂ.ಮೀ. ದಪ್ಪದ ಹಲಗೆ. ಗೇಜ್ ಸ್ವಂತದ್ದೇ ಇರಲಿ. ಪಂಚರ್ ಅಂಗಡಿಯ ಗೇಜಿಗೂ ಪೆಟ್ರೋಲ್ ಬಂಕಿನ ಗೇಜಿಗೂ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸ ಬರುವುದು ಹೊಸ ಸಂಗತಿಯಲ್ಲ.

ಫ್ಯೂಸ್ ಕಾಯುವುದು ವೈರನ್ನು

ಬಲ್ಬನ್ನೋ ಸ್ಟೀರಿಯೋವನ್ನೋ ಕಾಯಲು ಫ್ಯೂಸ್ ಇದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ಕಾಯುವುದು ವೈರನ್ನು. ಆ ಸರ್ಕ್ಯೂಟಿನ ವೈರು ಎಷ್ಟು ಕರೆಂಟನ್ನು ಬಿಸಿಯಾಗದೆ ತಾಳಿಕೊಳ್ಳುತ್ತದೋ ಅದಕ್ಕಿಂತ ಕಡಿಮೆ ಆಂಪಿಯರಿನ ಫ್ಯೂಸನ್ನು ಕಂಪನಿ ಹಾಕಿರುತ್ತದೆ. 10ರ ಜಾಗಕ್ಕೆ 20 ಹಾಕಿದರೆ ಫ್ಯೂಸ್ ಉಳಿಯುತ್ತದೆ, ಡ್ಯಾಶ್‌ಬೋರ್ಡಿನ ಹಿಂದೆ ವೈರು ಉರಿಯುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವವರು ಮಾಡುವುದೂ ಇದನ್ನೇ. ಒಂದು ರಾತ್ರಿ ಮನೆ ಮುಟ್ಟಲು ಎಂದು ಸುತ್ತಿದ ಎಳೆ ಆರು ತಿಂಗಳು ಹಾಗೇ ಇರುತ್ತದೆ.

ಬ್ಲೇಡ್ ಫ್ಯೂಸಿನ ಬಣ್ಣವೇ ಅದರ ಆಂಪಿಯರ್ ಹೇಳುತ್ತದೆ. ತಿಳಿಕಂದು 5, ಕಡುಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಬಾನೆಟ್ಟಿನ ಒಳಗಿರುವ ದೊಡ್ಡ ಮ್ಯಾಕ್ಸಿ ಫ್ಯೂಸುಗಳಿಗೆ ಲೆಕ್ಕ ಬೇರೆ, ಅಲ್ಲಿ ಕೆಂಪು 50, ನೀಲಿ 60. ಹಾಗಾಗಿ ಬಣ್ಣದ ಜೊತೆಗೆ ತಲೆಯ ಮೇಲೆ ಅಚ್ಚಾದ ಅಂಕೆಯನ್ನೂ ಓದಿ.

ಹಾರುವುದಕ್ಕೂ ಒಂದು ವೇಳೆ ಇದೆ, ಅದರಿಂದಲೇ ಅರ್ಧ ಕಾರಣ ಗೊತ್ತಾಗುತ್ತದೆ. ಬ್ಲೇಡ್ ಫ್ಯೂಸಿನಲ್ಲಿ ಅದರ ಅಂಕೆಗಿಂತ ಶೇ 10 ಹೆಚ್ಚು ಕರೆಂಟ್ ಹರಿದರೆ ಅದು ಗಂಟೆಗಟ್ಟಲೆ ತಾಳುತ್ತದೆ. ಶೇ 35 ಹೆಚ್ಚಾದರೆ ಹತ್ತು ನಿಮಿಷದೊಳಗೆ ಹೋಗುತ್ತದೆ, ಇಮ್ಮಡಿಯಾದರೆ ಐದು ಸೆಕೆಂಡಿನೊಳಗೆ. ಸ್ವಿಚ್ ಒತ್ತಿದ ಕ್ಷಣವೇ ಹಾರಿದರೆ ಶಾರ್ಟ್. ಮಳೆಯಲ್ಲಿ ವೈಪರ್ ಐದಾರು ನಿಮಿಷ ಓಡಿ ಆಮೇಲೆ ಹಾರಿದರೆ ಓವರ್‌ಲೋಡ್. ವೈಪರಿನ ಕೀಲು ತುಕ್ಕು ಹಿಡಿದು ಬಿಗಿಯಾಗಿರಬೇಕು, ಇಲ್ಲವೇ ಮೋಟಾರೇ ಸೋತಿರಬೇಕು.

ಕಿತ್ತ ಫ್ಯೂಸನ್ನು ಎಸೆಯುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ನಡುವಿನ ಸಣ್ಣ ತಂತಿ ಕರಗಿ ಬರೀ ಒಂದು ಸಣ್ಣ ಸಂದು ಬಿಟ್ಟಿದ್ದು, ಪ್ಲಾಸ್ಟಿಕ್ ಸ್ವಚ್ಛವಾಗಿದ್ದರೆ ನಿಧಾನಕ್ಕೆ ಕಾದು ಹೋಗಿದೆ. ಒಳಗೆಲ್ಲ ಕಪ್ಪು ಮಸಿ, ಬೆಳ್ಳಿಯ ಚುಕ್ಕೆ ಸಿಡಿದಿದ್ದರೆ ಅದು ಶಾರ್ಟ್. ಮೂರನೆಯದೂ ಒಂದಿದೆ, ಕರಾವಳಿಯಲ್ಲಿ ಹೆಚ್ಚು ಕಾಣುವುದು ಇದೇ: ತಂತಿ ಸರಿಯಾಗಿರುತ್ತದೆ, ಆದರೆ ಒಂದು ಕಾಲಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ ಮೆತ್ತಗಾಗಿರುತ್ತದೆ. ಅಲ್ಲಿ ಫ್ಯೂಸಿನದೇನೂ ತಪ್ಪಿಲ್ಲ. ಅದು ಕೂರುವ ಕ್ಲಿಪ್ ತುಕ್ಕು ಹಿಡಿದು ಸಡಿಲವಾಗಿದೆ, ಸಡಿಲ ಜಾಗ ಕಾದಿದೆ. ಹೊಸ ಫ್ಯೂಸ್ ಹಾಕಿದರೂ ಮತ್ತೆ ಕಾಯುತ್ತದೆ. ಕ್ಲಿಪ್ ಬದಲಾಗಬೇಕು.

ಹಾರಿದ ಫ್ಯೂಸ್ ಹುಡುಕುವ ಕ್ರಮ

ಗಾಡಿಯಲ್ಲಿ ಸಾಮಾನ್ಯವಾಗಿ ಎರಡು ಫ್ಯೂಸ್ ಬಾಕ್ಸ್: ಡ್ಯಾಶ್‌ಬೋರ್ಡಿನ ಕೆಳಗೊಂದು, ಬಾನೆಟ್ಟಿನ ಒಳಗೆ ಬ್ಯಾಟರಿಯ ಹತ್ತಿರ ಇನ್ನೊಂದು. ಮುಚ್ಚಳದ ಒಳಬದಿಯ ನಕ್ಷೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ಮಳೆಗಾಲ ಕಳೆದ ಮೇಲೆ ಆ ಅಂಟು ಕಾಗದ ಓದಲು ಬರುವುದಿಲ್ಲ.

ಒಂದೊಂದನ್ನೇ ಕಿತ್ತು ನೋಡುವ ಅಗತ್ಯವಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಕಿಂಡಿಗಳಿವೆ, ಒಳಗಿನ ಲೋಹ ಅಲ್ಲಿ ಕಾಣುತ್ತದೆ. ಇಗ್ನಿಷನ್ ಆನ್ ಮಾಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಬಾಡಿಯ ಬಣ್ಣ ಬಳಿಯದ ಬೋಲ್ಟಿಗೋ ಬ್ಯಾಟರಿಯ ಮೈನಸ್ಸಿಗೋ ತಾಗಿಸಿ, ಕೆಂಪು ಕಡ್ಡಿಯಿಂದ ಎರಡೂ ಕಿಂಡಿ ಮುಟ್ಟಿ. ಎರಡರಲ್ಲೂ 12ರ ಆಸುಪಾಸು ಬಂದರೆ ಫ್ಯೂಸ್ ಸರಿಯಿದೆ. ಒಂದರಲ್ಲಿ ಮಾತ್ರ ಬಂದರೆ ಹಾರಿದೆ. ಎರಡರಲ್ಲೂ ಇಲ್ಲ ಅಂದರೆ ಫ್ಯೂಸಿಗೆ ಕರೆಂಟೇ ಬರುತ್ತಿಲ್ಲ: ಆ ಸ್ವಿಚ್ ಆನ್ ಆಗಿಲ್ಲ, ಇಲ್ಲವೇ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹೋಗಿದೆ, ಇಲ್ಲವೇ ಬಾನೆಟ್ಟಿನ ಒಳಗಿನ ದೊಡ್ಡ ಫ್ಯೂಸ್ ಹಾರಿದೆ.

ಕೀಳುವಾಗ ಇಗ್ನಿಷನ್ ಆಫ್ ಇರಲಿ, ಚಿಮಟದಿಂದ ನೇರವಾಗಿ ಎಳೆಯಿರಿ. ಸ್ಕ್ರೂ ಡ್ರೈವರಿನಿಂದ ಎಬ್ಬಿದರೆ ಪಕ್ಕದ ಎರಡು ಫ್ಯೂಸಿಗೆ ತಾಗಿ ಹೊಸ ಶಾರ್ಟ್ ಹುಟ್ಟುತ್ತದೆ. ಬಾನೆಟ್ಟಿನ ಒಳಗಿನ ದೊಡ್ಡ ಫ್ಯೂಸ್, ಅದರಲ್ಲೂ ಬೋಲ್ಟ್ ಹಾಕಿ ಬಿಗಿದದ್ದನ್ನು ಮುಟ್ಟುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುತ್ತಿರುವಾಗ ಪಾನಾ ಬಾಡಿಗೆ ತಗುಲಿದರೂ ಕಿಡಿ ಹಾರದಿರಲಿ ಎಂದು ಈ ಕ್ರಮ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹಳದಿ ಕನೆಕ್ಟರಿನ ತಂಟೆಗೆ ಹೋಗಬೇಡಿ.

ಅದೇ ಆಂಪಿಯರಿನ, ಅದೇ ಗಾತ್ರದ ಹೊಸ ಫ್ಯೂಸ್ ಹಾಕಿ. ಉಳಿದರೆ ಸರಿ. ಒಂದೇ ವಾರದಲ್ಲಿ ಎರಡನೇ ಸಲ ಹಾರಿದರೆ ಮೂರನೆಯದು ಹಾಕಬೇಡಿ, ಮುಂದಿನದನ್ನು ಮಾಡಿ.

ಮತ್ತೆ ಮತ್ತೆ ಹಾರಿದರೆ: ಬಲ್ಬಿನ ಉಪಾಯ

ಬ್ರೇಕ್ ಲೈಟಿನ 12 ವೋಲ್ಟ್ 21 ವಾಟಿನ ಬಲ್ಬಿಗೆ ಎರಡು ವೈರು ಬೆಸೆದು, ತುದಿಗೆ ಬ್ಲೇಡ್ ಟರ್ಮಿನಲ್ ಕೂಡಿಸಿ. ಹಾರಿದ ಫ್ಯೂಸಿನ ಜಾಗಕ್ಕೆ ಇದನ್ನು ಸಿಕ್ಕಿಸಿ. ಆ ಸರ್ಕ್ಯೂಟಿಗೆ ಸೇರಿದ ಬಲ್ಬು, ಹಾರ್ನು, ಸ್ಟೀರಿಯೋ ಎಲ್ಲದರ ಕನೆಕ್ಟರ್ ಬಿಚ್ಚಿ, ಸ್ವಿಚ್ ಆನ್ ಮಾಡಿ. ಎಲ್ಲ ಬಿಚ್ಚಿದ ಮೇಲೂ ಬಲ್ಬು ಪೂರ್ತಿ ಉರಿಯುತ್ತಿದ್ದರೆ ವೈರೇ ಎಲ್ಲೋ ಬಾಡಿಗೆ ತಾಗುತ್ತಿದೆ. ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲ, ಹಾಗಾಗಿ ವೈರು ಸುಡುವ ಭಯವಿಲ್ಲ, ಹತ್ತು ಫ್ಯೂಸ್ ದಂಡವೂ ಆಗುವುದಿಲ್ಲ. ಈಗ ಮುಂದಿನಿಂದ ಹಿಂದಕ್ಕೆ ವೈರಿಂಗಿನ ಕಟ್ಟನ್ನು ಕೈಯಿಂದ ಅಲುಗಾಡಿಸುತ್ತ ಹೋಗಿ. ಎಲ್ಲಿ ಅಲುಗಿಸಿದಾಗ ಬಲ್ಬು ಕಣ್ಣು ಮಿಟುಕಿಸುತ್ತದೋ ಅಲ್ಲಿ ಟೇಪ್ ಬಿಚ್ಚಿ ನೋಡಿ.

ಪಿಕಪ್ಪಿನಲ್ಲಿ ಈ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವವೇ. ಹಿಂದಿನ ಲೈಟಿಗೆ ಹೋಗುವ ವೈರು ಚಾಸಿಯ ಅಂಚು ದಾಟುವ ಮೂಲೆ. ಡಾಲೆ (ಬಾಡಿಯ ಹಿಂದಿನ ಬಾಗಿಲು) ತೆರೆದು ಮುಚ್ಚುವ ಕಡೆ ನಂಬರ್ ಪ್ಲೇಟ್ ಲೈಟಿನ ವೈರು. ಸೈಲೆನ್ಸರಿನ ಹತ್ತಿರ ಕ್ಲಿಪ್ ಕಳಚಿ ಜೋತುಬಿದ್ದದ್ದು. ಘಟ್ಟದ ಮೇಲಿನ ಊರುಗಳಲ್ಲಿ ಅಡಿಕೆ ಅಂಗಳದ ಪಕ್ಕ ನಿಲ್ಲುವ ಗಾಡಿಯಾದರೆ ಬಾನೆಟ್ಟಿನ ಒಳಗೆ ಇಲಿ ಕಡಿದ ವೈರು. ಅಲ್ಲಿ ಸಣ್ಣ ಹಿಕ್ಕೆಯೋ ಹುಲ್ಲಿನ ಗೂಡೋ ಸಾಕ್ಷಿಗೆ ಸಿಗುತ್ತದೆ. ಕಡಿದ ಕಡೆ ಬರೀ ಟೇಪ್ ಸುತ್ತಿದರೆ ನಮ್ಮ ತೇವಕ್ಕೆ ಅಂಟು ಬಿಡುತ್ತದೆ. ಬೆಸುಗೆಯೋ ಕ್ರಿಂಪೋ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ತೊಡಿಸಿ.

ಉಪ್ಪು ಹಿಡಿದ ಬಾಕ್ಸು, ಕೆಟ್ಟ ಅರ್ತು

ಬಿಳಿ ಪುಡಿ, ಹಸಿರು ಪಾಚಿಯಂಥ ಪದರ ಕಂಡರೆ ತುಕ್ಕು ಶುರುವಾಗಿದೆ. ಮೈನಸ್ ಬಿಚ್ಚಿ, ಫೋಟೊ ತೆಗೆದು, ಒಂದು ಸಾಲಿನ ಫ್ಯೂಸ್ ಮಾತ್ರ ಕೀಳಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆ ಫ್ಯೂಸೊಂದನ್ನು ನಾಲ್ಕೈದು ಸಲ ಹಾಕಿ ತೆಗೆದರೆ ಕ್ಲಿಪ್ಪಿನ ಒಳಗೋಡೆ ತಾನೇ ಉಜ್ಜಿಕೊಳ್ಳುತ್ತದೆ. ಎಮರಿ ಪೇಪರನ್ನು ಕ್ಲಿಪ್ಪಿಗೆ ಹಾಕಬೇಡಿ, ಮೇಲಿನ ತವರದ ಲೇಪ ಹೋದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಪೆಟ್ರೋಲಿನಿಂದ ತೊಳೆಯುವುದಂತೂ ಬೇಡವೇ ಬೇಡ. ಒಣಗಿದ ಮೇಲೆ ಫ್ಯೂಸಿನ ಕಾಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇರೆ, ಅದು ಇಲ್ಲಿಗಲ್ಲ.

ನೀರು ಎಲ್ಲಿಂದ ಬಂತು ಎಂದು ಹುಡುಕದಿದ್ದರೆ ಮಾಡಿದ್ದೆಲ್ಲ ಒಂದು ಮಳೆಗೆ ಹೋಗುತ್ತದೆ. ಮುಚ್ಚಳದ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಒಡೆದಿದೆಯೇ ನೋಡಿ. ಗಾಜಿನ ಕೆಳಗೆ ವೈಪರ್ ಇರುವ ತೊಟ್ಟಿಯಲ್ಲಿ ಎಲೆ ಕೂತು ನೀರು ಹೋಗುವ ತೂತು ಕಟ್ಟಿಕೊಂಡರೆ ನೀರು ಕ್ಯಾಬಿನ್ನಿನೊಳಗೆ ಇಳಿದು ನೇರವಾಗಿ ಫ್ಯೂಸ್ ಬಾಕ್ಸಿನ ಮೇಲೆ ಬೀಳುತ್ತದೆ. ಮರದ ಕೆಳಗೆ ಗಾಡಿ ನಿಲ್ಲಿಸುವವರು ಆ ತೊಟ್ಟಿಯನ್ನು ಜೂನಿಗೆ ಮುಂಚೆ ಖಾಲಿ ಮಾಡಲೇಬೇಕು.

ಫ್ಯೂಸೆಲ್ಲ ಸರಿ, ಆದರೂ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹೊತ್ತಿಕೊಳ್ಳುತ್ತದೆ, ಪಾರ್ಕ್ ಲೈಟ್ ಹಾಕಿದರೆ ರಿವರ್ಸ್ ಲೈಟ್ ಮಿಣುಕುತ್ತದೆ. ಇಂಥ ಗಾಡಿಯನ್ನು ನೋಡಿ ವೈರಿಂಗ್ ಪೂರ್ತಿ ಬದಲಿಸಬೇಕು ಎನ್ನುವವರಿದ್ದಾರೆ. ಬಹಳ ಸಲ ಅದು ಒಂದೇ ಬೋಲ್ಟಿನ ಕೆಲಸ. ಹಿಂದಿನ ಲೈಟುಗಳ ಅರ್ತ್ ವೈರು ಚಾಸಿಗೆ ಬಿಗಿದ ಜಾಗದಲ್ಲಿ ಐಸಿನ ಉಪ್ಪುನೀರು ಸೋರಿ ತುಕ್ಕು ಹಿಡಿದಿರುತ್ತದೆ. ಅಲ್ಲಿಂದ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ಹಿಂದಿರುಗುತ್ತದೆ. ಬೋಲ್ಟ್ ಬಿಚ್ಚಿ, ಚಾಸಿಯ ಆ ಜಾಗವನ್ನು ಒಂದು ರೂಪಾಯಿ ನಾಣ್ಯದಗಲ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಹಾಕಿ ಬಿಗಿದು, ಬಿಗಿದ ಮೇಲೆ ಮೇಲಿನಿಂದ ಗ್ರೀಸ್ ಬಳಿಯಿರಿ. ಪರೀಕ್ಷೆ ಬೇಕಿದ್ದರೆ ಲೈಟ್ ಆನ್ ಇಟ್ಟು ಬಲ್ಬ್ ಹೋಲ್ಡರಿನ ಅರ್ತಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ವೋಲ್ಟ್ ಅಳೆಯಿರಿ. 0.2ಕ್ಕಿಂತ ಹೆಚ್ಚಿದ್ದರೆ ಅರ್ತ್ ಸೋತಿದೆ.

ಹೆಚ್ಚುವರಿ ಲೈಟು, ಹಾರ್ನು ಹಾಕಿಸುವವರಿಗೆ

60 ವಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಅದರ ಜಾಗಕ್ಕೆ 100 ವಾಟಿನದು ಹಾಕಿದರೆ 8.3. ಎರಡು ಬಲ್ಬಿಗೆ ಹತ್ತರ ಬದಲು ಹದಿನಾರೂವರೆ ಆಯಿತು. ಕಾನೂನಿನ ಮಾತು ಬದಿಗಿರಲಿ, ಮೊದಲು ಕರಗುವುದು ಬಲ್ಬಿನ ಹೋಲ್ಡರ್. ಘಟ್ಟದ ಮಂಜಿನಲ್ಲಿ ಅಷ್ಟು ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ, ಪ್ರಯೋಜನವೂ ಇಲ್ಲ.

ಫಾಗ್ ಲೈಟು, ಜೋಡಿ ಹಾರ್ನು ಏನೇ ಹಾಕಿದರೂ ಇದ್ದ ಸರ್ಕ್ಯೂಟಿನಿಂದ ಕವಲು ತೆಗೆಯಬೇಡಿ. ಬ್ಯಾಟರಿಯಿಂದ ನೇರ ಬೇರೆ ವೈರು, ಪ್ಲಸ್ಸಿನಿಂದ 15–20 ಸೆಂ.ಮೀ.ನೊಳಗೆ ಫ್ಯೂಸ್, ಆಮೇಲೆ ರಿಲೇ. ಫ್ಯೂಸ್ ದೂರ ಇದ್ದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲೇ ಇರುವುದಿಲ್ಲ. ಒಟ್ಟು 10 ಆಂಪಿಯರ್ ಎಳೆಯುವ ಲೈಟಿಗೆ 2.5 ಚದರ ಮಿ.ಮೀ. ವೈರು, 15ರ ಫ್ಯೂಸು ಸಾಕು.

ಟೈರ್: ಮೊದಲು ಪಕ್ಕದ ಬರಹ ಓದಿ

ಉದಾಹರಣೆಗೆ 185 ಆರ್ 14 ಎಲ್‌ಟಿ 8ಪಿಆರ್ 102/100 ಎಂದಿದೆ ಅಂದುಕೊಳ್ಳಿ. 185 ಮಿ.ಮೀ. ಅಗಲ, ಆರ್ ಅಂದರೆ ರೇಡಿಯಲ್, 14 ಇಂಚಿನ ರಿಮ್, ಎಲ್‌ಟಿ ಅಂದರೆ ಲೈಟ್ ಟ್ರಕ್ಕಿನದು, 8ಪಿಆರ್ ಅಂದರೆ ಎಂಟು ಪದರದಷ್ಟು ಬಲ. 102 ಅಂದರೆ ಒಂಟಿ ಚಕ್ರವಾಗಿ ಒಂದು ಟೈರು 850 ಕೆ.ಜಿ. ಹೊರುತ್ತದೆ, 100 ಅಂದರೆ ಜೋಡಿ ಚಕ್ರವಾಗಿ 800. ಇದು ಗಾಳಿ ಪೂರ್ತಿ ಇದ್ದಾಗಿನ ಮಾತು, ಈ ಟೈರಿಗಾದರೆ 65 ಪಿಎಸ್‌ಐ. ಗಾಳಿ ಇಳಿದಷ್ಟೂ ಹೊರುವ ಶಕ್ತಿ ಇಳಿಯುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅದೇ ಅಳತೆಯ ಕಾರಿನ ಟೈರ್ ಹಾಕಿದವರು ಮರೆಯುವುದು ಇದನ್ನೇ.

ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ಹುಟ್ಟಿದ ದಿನ. 2323 ಅಂದರೆ 2023ರ 23ನೇ ವಾರ. ಬಿಸಿಲಿಗೆ ನಿಲ್ಲುವ ಗಾಡಿಯಲ್ಲಿ ಟ್ರೆಡ್ ಇದ್ದರೂ ಐದು ವರ್ಷದ ಮೇಲೆ ಪಕ್ಕದ ರಬ್ಬರನ್ನು ಬಗ್ಗಿಸಿ ಬಿರುಕು ನೋಡುವ ರೂಢಿ ಇರಲಿ. ಒಂದೇ ಆಕ್ಸಲಿನಲ್ಲಿ ರೇಡಿಯಲ್ ಒಂದು, ನೈಲಾನ್ ಒಂದು ಬೇಡ. ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ರಿಸೋಲ್ ಮಾಡಿಸಿದ (ಹಳೆ ಟೈರಿಗೆ ಹೊಸ ಟ್ರೆಡ್ ಅಂಟಿಸಿದ) ಟೈರ್ ಮುಂದಿನ ಚಕ್ರಕ್ಕೆ ಬೇಡ.

ಗಾಳಿ

ಎಷ್ಟು ಹಾಕಬೇಕು ಎಂಬುದು ಚಾಲಕನ ಬಾಗಿಲಿನ ಕಂಬದ ಮೇಲೋ ಕೈಪಿಡಿಯಲ್ಲೋ ಇದೆ: ಖಾಲಿಗೊಂದು, ಲೋಡಿಗೊಂದು, ಮುಂದೆ ಬೇರೆ, ಹಿಂದೆ ಬೇರೆ. ಟೈರಿನ ಮೇಲಿನ ಅಂಕೆ ಗರಿಷ್ಠದ್ದು, ಅದು ದಿನಬಳಕೆಯದಲ್ಲ. ಅಳೆಯುವುದು ತಣ್ಣಗಿದ್ದಾಗ, ಅಂದರೆ ಗಾಡಿ ಕನಿಷ್ಠ ಮೂರು ತಾಸು ನಿಂತ ಮೇಲೆ, ಬೆಳಗಿನ ಹೊತ್ತಿನಲ್ಲಿ.

60 ಪಿಎಸ್‌ಐ ಇರುವ ಟೈರು ಹತ್ತು ಡಿಗ್ರಿ ಬಿಸಿಯಾದರೆ ಗೇಜು ಎರಡು ಎರಡೂವರೆ ಹೆಚ್ಚು ತೋರಿಸುತ್ತದೆ. ಕುಮಟಾದಿಂದ ಲೋಡಿನಲ್ಲಿ ಘಟ್ಟ ಹತ್ತಿ ಶಿರಸಿ ಮುಟ್ಟಿದಾಗ ಏಳೆಂಟು ಹೆಚ್ಚು ಕಂಡರೆ ಗಾಬರಿಯಾಗಿ ಬಿಡಬೇಡಿ. ಆಗ ಬಿಟ್ಟ ಗಾಳಿ ಮರುದಿನ ಬೆಳಿಗ್ಗೆ ಕೊರತೆಯಾಗಿ ನಿಲ್ಲುತ್ತದೆ. ಸಮುದ್ರಮಟ್ಟದಿಂದ 590 ಮೀಟರ್ ಎತ್ತರದ ಶಿರಸಿಯಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ ಇರುವುದಕ್ಕೇ ಗೇಜು ಸುಮಾರು ಒಂದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅಲ್ಲಿನ ತಂಪು ಆ ಲೆಕ್ಕವನ್ನು ಸರಿಹೊಂದಿಸುವುದರಿಂದ ತಲೆ ಕೆಡಿಸಿಕೊಳ್ಳುವುದು ಬೇಡ.

ಕಡಿಮೆ ಗಾಳಿಯೇ ದೊಡ್ಡ ಅಪಾಯ. ಲೋಡಿನಲ್ಲಿ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಒಳಗಿನ ಎಳೆ ಕಾಯುತ್ತದೆ, ರಬ್ಬರು ಬಿಡುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಡ್ರಮ್ಮಿನ ಬಿಸಿಯೂ ರಿಮ್ಮಿನ ಮೂಲಕ ಅದಕ್ಕೇ ಸೇರುತ್ತದೆ. ಆದ್ದರಿಂದ ದೇವಿಮನೆಯೋ ಅರಬೈಲೋ, ಹತ್ತಿದ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಳಸಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಸುವವರ ಗಾಡಿಯ ಪಕ್ಕ ಹೋದರೆ ಲೈನರ್ ಸುಟ್ಟ ವಾಸನೆ ಹೊಡೆಯುತ್ತದೆ.

ಇನ್ನೊಂದು ಕಡೆಯ ಅಪಾಯ ಮಳೆಗಾಲದ್ದು. ಮೀನು ಇಳಿಸಿ ಖಾಲಿ ಬರುವ ಪಿಕಪ್ಪಿನ ಹಿಂದಿನ ಟೈರಿನಲ್ಲಿ ಲೋಡಿನ ಗಾಳಿ ಹಾಗೇ ಇರುತ್ತದೆ. ಟೈರು ನೆಲಕ್ಕೆ ನಡುವೆ ಮಾತ್ರ ತಾಗುತ್ತದೆ, ಹಿಂಭಾಗ ಹಗುರ, ರಸ್ತೆ ಒದ್ದೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಬದಿ ಹೊರಕ್ಕೆ ಜಾರುತ್ತದೆ. ದಿನಾ ಗಾಳಿ ಬಿಟ್ಟು ತುಂಬಿಸುವುದು ಯಾರಿಂದಲೂ ಆಗದು; ಖಾಲಿ ಬರುವಾಗ ವೇಗವೇ ಇಳಿಯಬೇಕು.

ನೈಟ್ರೋಜನ್ ಹಾಕಿಸಬೇಕೇ ಎಂದು ಕೇಳುವವರಿದ್ದಾರೆ. ಸಾದಾ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ವಾರಕ್ಕೊಮ್ಮೆ ಗೇಜ್ ಹಿಡಿಯುವವರಿಗೆ ಅದರ ಖರ್ಚು ಬೇಡ. ವಾಲ್ವಿನ ಟೊಪ್ಪಿ ಮಾತ್ರ ಪ್ಲಾಸ್ಟಿಕ್ಕಿನದೇ ಇರಲಿ, ಚೆಂದಕ್ಕೆ ಹಾಕಿದ ಲೋಹದ್ದು ಉಪ್ಪಿಗೆ ಕಚ್ಚಿಕೊಂಡು ವಾಲ್ವನ್ನೇ ಮುರಿಯುತ್ತದೆ.

ಸವೆತ ಏನು ಹೇಳುತ್ತದೆ

ಕೈಯಿಂದ ಸವರಿ ನೋಡಿ, ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡು ಸವೆದಿದ್ದರೆ ಗಾಳಿ ಹೆಚ್ಚು. ಒಳಕ್ಕೆ ಸವರಿದರೆ ನುಣುಪು, ಹೊರಕ್ಕೆ ಸವರಿದರೆ ಗರಗಸದ ಹಲ್ಲು ತಾಗಿದರೆ ಟೋ (ಎರಡು ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ) ತಪ್ಪಿದೆ, ಅಲೈನ್‌ಮೆಂಟ್ ಮಾಡಿಸಿ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ.

ಟ್ರೆಡ್ಡಿನ ಗೀರಿನ ತಳದಲ್ಲಿ ಅಡ್ಡಲಾಗಿ ಇರುವ ಉಬ್ಬು 1.6 ಮಿ.ಮೀ.ನ ಗುರುತು. ಟ್ರೆಡ್ ಅದಕ್ಕೆ ಸಮವಾದರೆ ಟೈರಿನ ಕೆಲಸ ಮುಗಿಯಿತು. ಆದರೆ ಜುಲೈ ಮಳೆಯಲ್ಲಿ 1.6 ಸಾಲದು. 3 ಮಿ.ಮೀ.ಗೆ ಬಂದ ಟೈರನ್ನು ಮೇ ತಿಂಗಳಲ್ಲೇ ಬದಲಿಸುವುದು ಒಳ್ಳೆಯದು, ಬೇಸಿಗೆಗೆ ಉಳಿಸಿಕೊಳ್ಳುತ್ತೇನೆ ಎನ್ನುವ ಲೆಕ್ಕವನ್ನು ಮಳೆ ಒಪ್ಪುವುದಿಲ್ಲ. 8,000ದಿಂದ 10,000 ಕಿ.ಮೀ.ಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಬದಲಿಸಿ, ಬದಲಿಸಿದ ಕೂಡಲೇ ಗಾಳಿಯನ್ನೂ ಜಾಗಕ್ಕೆ ತಕ್ಕಂತೆ ಸರಿಮಾಡಿ.

ಪಕ್ಕದಲ್ಲಿ ನೆಲ್ಲಿಕಾಯಿಯಷ್ಟು ಉಬ್ಬು ಬಂದಿದ್ದರೆ ಒಳಗಿನ ಎಳೆ ತುಂಡಾಗಿದೆ. ಅದಕ್ಕೆ ರಿಪೇರಿ ಇಲ್ಲ, ಸ್ಟೆಪ್ನಿಯಾಗಿ ಇಟ್ಟುಕೊಳ್ಳಲೂ ಬರುವುದಿಲ್ಲ.

ಪಂಚರಿನ ವಿಷಯ ಇಷ್ಟೇ: ಟ್ಯೂಬ್‌ಲೆಸ್ಸಿನಲ್ಲಿ ಟ್ರೆಡ್ಡಿನ ಭಾಗದಲ್ಲಿ 6 ಮಿ.ಮೀ. ತನಕದ ತೂತನ್ನು ಮಾತ್ರ ಮುಚ್ಚಬಹುದು. ಹೊರಗಿನಿಂದ ತುರುಕುವ ಹುರಿ ಊರು ಮುಟ್ಟಲು ಸಾಕು. ಆಮೇಲೆ ಟೈರ್ ಕಳಚಿ ಒಳಗಿನಿಂದ ಪ್ಯಾಚ್ ಹಾಕಿಸಿ. ಪಂಚರ್ ಇಲ್ಲದೆಯೂ ವಾರಕ್ಕೆ ಐದಾರು ಪಿಎಸ್‌ಐ ಇಳಿಯುತ್ತಿದ್ದರೆ ರಿಮ್ಮಿನ ಅಂಚಿಗೆ ಸೋಪಿನ ನೀರು ಬಿಡಿ. ಮೀನಿನ ಗಾಡಿಗಳಲ್ಲಿ ರಿಮ್ಮಿನ ತುಕ್ಕಿನ ಪದರದಡಿಯಿಂದ ಗುಳ್ಳೆ ಏಳುತ್ತದೆ. ವೈರ್ ಬ್ರಷ್ಷಿನಿಂದ ಉಜ್ಜಿ ಪ್ರೈಮರ್ ಹೊಡೆದರೆ ನಿಲ್ಲುತ್ತದೆ. ಗಾಳಿ ಇಲ್ಲದೆ ಸ್ವಲ್ಪ ದೂರ ಓಡಿದ ಟೈರನ್ನು ಕಳಚಿ ಒಳಗೆ ನೋಡದೆ ಗಾಳಿ ತುಂಬಿಸಬೇಡಿ, ತುಂಬಿಸುವಾಗ ಅದರ ಪಕ್ಕಕ್ಕೆ ಎದುರಾಗಿ ನಿಲ್ಲಬೇಡಿ. ಒಳಗೆ ಕಪ್ಪು ರಬ್ಬರ್ ಪುಡಿ ಸಿಕ್ಕಿದರೆ ಆ ಟೈರು ಮುಗಿದಿದೆ.

ದಾರಿಯಲ್ಲಿ ಚಕ್ರ ಬದಲಿಸುವುದು

ಘಟ್ಟದ ತಿರುವಿನಲ್ಲಿ ಟೈರ್ ಹೋದರೆ ಅಲ್ಲೇ ನಿಲ್ಲಿಸಬೇಡಿ. ರಿಮ್ ಹಾಳಾದರೂ ಆಗಲಿ, ನಿಧಾನಕ್ಕೆ ಸಮತಟ್ಟಾದ, ಎರಡೂ ಕಡೆಯಿಂದ ಕಾಣುವ ಜಾಗಕ್ಕೆ ತನ್ನಿ. ಮಳೆಯಲ್ಲಿ ಗುಡ್ಡದ ಬುಡದ ಕೆಂಪು ಮಣ್ಣಿನ ಅಂಚೂ ಬೇಡ. ನಾಲ್ಕೂ ಇಂಡಿಕೇಟರ್ ಹಾಕಿ, ತ್ರಿಕೋನವನ್ನು 50 ಮೀಟರ್ ಹಿಂದೆ, ತಿರುವಿದ್ದರೆ ತಿರುವಿನ ಆಚೆ ಇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ ಸಹಾಯವಾಣಿ 1033.

1. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಮೂಲೆಯಿಂದ ಮೂಲೆಗೆ ಎದುರಿನ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಗೇರಿನ ಮೇಲೊಂದೇ ನಂಬಿಕೆ ಬೇಡ. ಹಿಂದಿನ ಒಂದು ಚಕ್ರ ಮೇಲೆದ್ದ ಕೂಡಲೇ ಅದು ಗಾಳಿಯಲ್ಲಿ ತಿರುಗುತ್ತದೆ, ಡಿಫರೆನ್ಷಿಯಲ್ ಇನ್ನೊಂದನ್ನು ಉರುಳಲು ಬಿಡುತ್ತದೆ, ಗೇರ್ ಇದ್ದೂ ಇಲ್ಲದಂತೆ.

2. ಜನ ಇಳಿಯಲಿ. ಲೋಡ್ ಇಳಿಸಲು ಆಗುವಂತಿದ್ದರೆ ಇಳಿಸಿ.

3. ಚಕ್ರ ನೆಲದಲ್ಲಿರುವಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ. ಮೇಲೆತ್ತಿದ ಮೇಲೆ ಜೋರು ಹಾಕಿದರೆ ಗಾಡಿ ಜಾಕಿನಿಂದ ಜಾರುತ್ತದೆ.

4. ಜಾಕಿನ ಅಡಿಗೆ ಹಲಗೆ ಕೊಡಿ. ಅಲ್ಲೇ ಬಿದ್ದಿರುವ ಚಿರೇಕಲ್ಲನ್ನು ಇಡಲೇಬೇಡಿ. ಅದು ಗೋಡೆಗೆ ಗಟ್ಟಿ. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ, ಅದೂ ನೆಂದಿದ್ದಾಗ, ಪುಡಿಯಾಗುತ್ತದೆ. ಜಾಕ್ ಕೂರುವುದು ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ.

5. ಟೈರ್ ನೆಲದಿಂದ ಮೂರು ನಾಲ್ಕು ಬೆರಳು ಎದ್ದರೆ ಸಾಕು, ಸ್ಟೆಪ್ನಿಯಲ್ಲಿ ಗಾಳಿ ಇರುವುದರಿಂದ ಅಷ್ಟು ಜಾಗ ಬೇಕಾಗುತ್ತದೆ. ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿಡಿ, ಜಾಕ್ ಕೈಕೊಟ್ಟರೆ ಗಾಡಿ ಅದರ ಮೇಲೆ ಕೂರುತ್ತದೆ. ಗಾಡಿಯಡಿ ಮೈ ತೂರಿಸಬೇಡಿ.

6. ಹಬ್ಬಿನ ಮುಖದ ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಹೊಸ ಚಕ್ರ ಕೂರಿಸಿ, ನಟ್ಟಿನ ಇಳಿಜಾರು ಬದಿ ಒಳಕ್ಕೆ ಬರುವಂತೆ ಕೈಯಿಂದಲೇ ತಿರುಗಿಸಿ. ಬೋಲ್ಟಿನ ಹಲ್ಲಿಗೆ ಎಣ್ಣೆ, ಗ್ರೀಸ್ ಬೇಡ. ಜಾರುವ ಹಲ್ಲಿನಿಂದ ಅದೇ ಬಲಕ್ಕೆ ನಟ್ಟು ಬೇಕಾದದ್ದಕ್ಕಿಂತ ಹೆಚ್ಚು ಬಿಗಿದು ಬೋಲ್ಟ್ ಹಿಗ್ಗುತ್ತದೆ.

7. ಕೆಳಗಿಳಿಸಿ, ಎದುರು ಬದುರಾಗಿ ಬಿಗಿಯಿರಿ. ಪಾನಾದ ಮೇಲೆ ಹತ್ತಿ ನಿಂತು ತುಳಿಯಬೇಡಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಟಾರ್ಕ್ ರೆಂಚ್ ಇದ್ದರೆ ಕೈಪಿಡಿಯ ಅಂಕೆಗೆ ಬಿಗಿಯಿರಿ.

ಸ್ಟೆಪ್ನಿ, ಮತ್ತು ನಿಂತ ಗಾಡಿ

ಮೀನಿನ ಐಸು ನೀರು ಸೋರುವುದೆಲ್ಲ ಬಾಡಿಯ ಕೆಳಗೆ ತೂಗುವ ಸ್ಟೆಪ್ನಿಯ ಮೇಲೆ. ವರ್ಷಗಟ್ಟಲೆ ಇಳಿಸದಿದ್ದರೆ ಸರಪಳಿಯೋ ಬೋಲ್ಟೋ ತುಕ್ಕಿಗೆ ಕಚ್ಚಿಕೊಳ್ಳುತ್ತದೆ, ಅದು ಗೊತ್ತಾಗುವುದು ರಾತ್ರಿ ಮಳೆಯಲ್ಲಿ. ಎರಡು ತಿಂಗಳಿಗೊಮ್ಮೆ ಪೂರ್ತಿ ಇಳಿಸಿ, ಸಿಹಿನೀರಿನಲ್ಲಿ ತೊಳೆದು, ಸರಪಳಿಗೆ ಗ್ರೀಸ್ ಹಚ್ಚಿ ಏರಿಸಿ. ಗಾಳಿಯನ್ನು ಹಿಂದಿನ ಚಕ್ರದ ಲೋಡಿನ ಅಂಕೆಗೇ ಇಡಿ. ಮುಂದೆ ಹಾಕಬೇಕಾಗಿ ಬಂದರೆ ಬಿಡುವುದು ಸುಲಭ, ಘಟ್ಟದಲ್ಲಿ ತುಂಬಿಸುವುದು ಆಗದ ಕೆಲಸ.

ನಿಷೇಧದ 61 ದಿನ ಗಾಡಿ ನಿಲ್ಲುವುದಾದರೆ ಮೊದಲು ಅಡಿಭಾಗ ತೊಳೆಯಿರಿ, ಗಾಳಿಯನ್ನು ಲೋಡಿನ ಅಂಕೆಗೆ ತನ್ನಿ, ಹದಿನೈದು ದಿನಕ್ಕೊಮ್ಮೆ ಕಾಲು ಸುತ್ತು ಮುಂದಕ್ಕೆ ತಳ್ಳಿ, ಇಲ್ಲವಾದರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿಡಿ. ಎಲ್ಲ ಆಫ್ ಇದ್ದಾಗಲೂ ಗಡಿಯಾರ, ಸ್ಟೀರಿಯೋ, ಕಂಪ್ಯೂಟರ್ ಸೇರಿ 0.05 ಆಂಪಿಯರ್ ತನಕ ಎಳೆಯುವುದು ಸಹಜ. ದಿನಕ್ಕೆ 1.2 ಆಂಪಿಯರ್ ಅವರ್, 61 ದಿನಕ್ಕೆ 73. ಅಂದರೆ ಏನೂ ಕೆಡದ ಗಾಡಿಯಲ್ಲೂ 60–70ರ ಬ್ಯಾಟರಿ ಆಗಸ್ಟ್ 1ರ ಬೆಳಿಗ್ಗೆ ಖಾಲಿ. ನಾಲ್ಕೈದು ದಿನಕ್ಕೇ ಕೂತುಹೋದರೆ ಎಲ್ಲೋ ಸೋರುತ್ತಿದೆ. ಮೈನಸ್ ವೈರಿಗೂ ಬ್ಯಾಟರಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಜೋಡಿಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಟ್ಟು, ಒಂದೊಂದೇ ಫ್ಯೂಸ್ ಕೀಳುತ್ತ ಹೋಗಿ. ಯಾವುದನ್ನು ಕಿತ್ತಾಗ ಅಂಕೆ ಬಿದ್ದಿತೋ ಆ ಸರ್ಕ್ಯೂಟಿನಲ್ಲಿದೆ ಸೋರಿಕೆ. ಮೀಟರ್ ಜೋಡಿಸಿಕೊಂಡೇ ಸೆಲ್ಫ್ ಹೊಡೆದರೆ ಮಾತ್ರ ಮೀಟರಿನ ಒಳಗಿನ ಫ್ಯೂಸೋ ಮೀಟರೇ ಆಗಲಿ ಹೋಗುತ್ತದೆ.